ಪಂಪಿನ ಮುಚ್ಚಳದಡಿ ಸೇರುವ ಗಾಳಿ: ಈಜುಕೊಳದ ಬಗ್ಗೆ ಓದುಗರ ಪ್ರಶ್ನೆಗಳು

ಬೇಸಿಗೆ ಕಾಲಿಡುತ್ತಿದ್ದಂತೆ ಈಜುಕೊಳದ ಪತ್ರಗಳು ಹೆಚ್ಚುತ್ತವೆ. ಈ ಸಲ ಪುಣೆ, ಗೋವಾ ಮತ್ತು ಮುಂಬಯಿಯಿಂದ ಬಂದ ನಾಲ್ಕು ಪತ್ರಗಳು ವೇರಿಯಬಲ್ ಸ್ಪೀಡ್ ಪಂಪಿನಲ್ಲಿ (ಬೇಕಾದಂತೆ ವೇಗ ಏರಿಳಿಸಬಹುದಾದ ಪಂಪು) ಗಾಳಿ ಸೇರುವ ತೊಂದರೆಯನ್ನೇ ಕುರಿತಿದ್ದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಾನು ಪುಣೆಯ ಬಾಣೇರ್‌ನಲ್ಲಿರುವ ನಮ್ಮ ವಸತಿ ಸೊಸೈಟಿಯ ಕಾರ್ಯದರ್ಶಿ. ನಮ್ಮ ಈಜುಕೊಳಕ್ಕೆ ಸುಮಾರು 60,000 ಲೀಟರ್ ನೀರು ಹಿಡಿಯುತ್ತದೆ. ಪಂಪು ಕೊಳದ ಪಕ್ಕದ ಕೋಣೆಯಲ್ಲಿ, ನೀರಿನ ಮಟ್ಟಕ್ಕಿಂತ ಎರಡು ಅಡಿ ಎತ್ತರದಲ್ಲಿದೆ. ವಿದ್ಯುತ್ ಬಿಲ್ ಉಳಿಸಲೆಂದು ಹಳೆಯ ಪಂಪನ್ನು ತೆಗೆದು ವೇರಿಯಬಲ್ ಸ್ಪೀಡ್ ಪಂಪನ್ನು ಹಾಕಿಸಿದೆವು. ಅಂದಿನಿಂದ ಕಡಿಮೆ ವೇಗದಲ್ಲಿ ಓಡಿಸಿದಾಗ ಪಾರದರ್ಶಕ ಮುಚ್ಚಳದ ಕೆಳಗೆ ಸ್ಟ್ರೈನರ್ (ಪಂಪಿಗೆ ಮೊದಲು ಕಸ ಹಿಡಿಯುವ ಪಾತ್ರೆ) ಅರ್ಧ ಖಾಲಿಯಾಗಿ ಕಾಣುತ್ತದೆ. ವೇಗ ಹೆಚ್ಚಿಸಿದರೆ ಅದು ತುಂಬಿಕೊಳ್ಳುತ್ತದೆ, ಆದರೆ ಕೊಳದೊಳಗೆ ನೀರು ಬರುವ ಬಾಯಿಗಳಲ್ಲಿ ಗುಳ್ಳೆಗಳು ಏಳುತ್ತವೆ. ನೆಲದಡಿಯ ಪೈಪ್ ಒಡೆದಿದೆ, ಟೈಲ್ಸ್ ಅಗೆಯಬೇಕು ಎಂದು ಗುತ್ತಿಗೆದಾರರು ಹೇಳುತ್ತಾರೆ. ಹಳೆಯ ಪಂಪೇ ಚೆನ್ನಾಗಿತ್ತು ಎಂದು ಸದಸ್ಯರು ಹೇಳುತ್ತಾರೆ. ನಾವು ಯಾರ ಮಾತನ್ನು ಕೇಳಬೇಕು?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಗಾಳಿಯನ್ನು ಒಳಗೆ ತಂದದ್ದು ಹೊಸ ಪಂಪಲ್ಲ; ಹಳೆಯ ಪಂಪಿನ ಕಾಲದಲ್ಲೂ ಬಹುಶಃ ಒಳಬರುತ್ತಿದ್ದ ಗಾಳಿ ಈಗ ನಿಮ್ಮ ಕಣ್ಣಿಗೆ ಕಾಣತೊಡಗಿದೆ. ಅಷ್ಟಕ್ಕೇ ಟೈಲ್ಸ್ ಅಗೆಯಹೊರಟರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾದೀತು.

ಲೆಕ್ಕ ಹೀಗಿದೆ. ಹಳೆಯ ಪಂಪು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ ಸುಮಾರು 2,900 ಸುತ್ತು ತಿರುಗುತ್ತಿತ್ತು. ಆಗ ಗಂಟೆಗೆ 15 ಘನ ಮೀಟರ್ ನೀರು ಹರಿಯುತ್ತಿತ್ತು ಎಂದುಕೊಂಡರೆ, 63 ಮಿಲಿಮೀಟರ್ ಪೈಪಿನೊಳಗೆ ಅದರ ವೇಗ ಸೆಕೆಂಡಿಗೆ ಒಂದೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು. ಅದೇ ನೀರು 15 ಸೆಂಟಿಮೀಟರ್ ಅಗಲದ ಸ್ಟ್ರೈನರ್ ಪಾತ್ರೆಗೆ ಬಂದಾಗ ಜಾಗ ವಿಶಾಲವಾಗುವುದರಿಂದ ವೇಗ ಸೆಕೆಂಡಿಗೆ 24 ಸೆಂಟಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಹೊಸ ಪಂಪನ್ನು ನೀವು 1,450 ಸುತ್ತಿಗೆ ಇಳಿಸಿದಾಗ ಹರಿವು ಅರ್ಧವಾಗಿ, ಪಾತ್ರೆಯೊಳಗಿನ ವೇಗ 12 ಸೆಂಟಿಮೀಟರಿಗೆ ಬರುತ್ತದೆ. ಕೆಲವು ಮಿಲಿಮೀಟರ್ ಗಾತ್ರದ ಗಾಳಿಗುಳ್ಳೆ ನಿಂತ ನೀರಿನಲ್ಲಿ ಸೆಕೆಂಡಿಗೆ 20ರಿಂದ 25 ಸೆಂಟಿಮೀಟರ್ ಮೇಲೇರುತ್ತದೆ. ಅಂದರೆ ಪೂರ್ಣ ವೇಗದಲ್ಲಿ ನೀರು ಗುಳ್ಳೆಯನ್ನು ಎಳೆದುಕೊಂಡು ಹೋಗಿ ಇಂಪೆಲ್ಲರಿಗೆ, ಅಂದರೆ ಪಂಪಿನೊಳಗೆ ತಿರುಗುವ ಚಕ್ರಕ್ಕೆ, ಒಪ್ಪಿಸುತ್ತಿತ್ತು, ಅರ್ಧ ವೇಗದಲ್ಲಿ ಗುಳ್ಳೆಯೇ ಗೆದ್ದು ಮುಚ್ಚಳದಡಿ ಹೋಗಿ ಕೂರುತ್ತದೆ. ವೇಗ ಹೆಚ್ಚಿಸಿದಾಗ ಕೊಳದ ಬಾಯಿಗಳಲ್ಲಿ ಗುಳ್ಳೆ ಏಳುತ್ತದೆ ಎಂದು ನೀವೇ ಬರೆದಿದ್ದೀರಿ. ಗಾಳಿ ಬರುತ್ತಲೇ ಇದೆ, ಹೊರಹೋಗುವ ದಾರಿ ಮಾತ್ರ ಬದಲಾಗಿದೆ ಎಂಬುದಕ್ಕೆ ಅದೇ ಸಾಕ್ಷಿ.

ಹಾಗೆಂದು ಕಡಿಮೆ ವೇಗವನ್ನು ಕೈಬಿಡಬೇಕಿಲ್ಲ. ವೇಗ ಅರ್ಧವಾದರೆ ಪಂಪಿಗೆ ಬೇಕಾದ ಶಕ್ತಿ ಸಿದ್ಧಾಂತದ ಪ್ರಕಾರ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಷ್ಟೇ ನೀರನ್ನು ಸೋಸಲು ದುಪ್ಪಟ್ಟು ಹೊತ್ತು ಓಡಿಸಿದರೂ ಯೂನಿಟ್ಟುಗಳು ಕಾಲು ಭಾಗದ ಹತ್ತಿರ ನಿಲ್ಲುತ್ತವೆ. ಮೋಟಾರು ಮತ್ತು ಅದರ ವೇಗ ಬದಲಿಸುವ ಡ್ರೈವಿನ ನಷ್ಟದಿಂದ ಉಳಿತಾಯ ಇದಕ್ಕಿಂತ ಕಡಿಮೆಯಾಗುವುದು ಸಹಜ, ಆದರೂ ಬಿಟ್ಟುಕೊಡುವಷ್ಟು ಚಿಕ್ಕದಲ್ಲ. ಒಂದು ಮಾತು ಮಾತ್ರ ನೆನಪಿರಲಿ: ಸೊಸೈಟಿಯ ಕೊಳದಲ್ಲಿ ಮನೆಯ ಕೊಳಕ್ಕಿಂತ ಹೆಚ್ಚು ಜನ ಇಳಿಯುತ್ತಾರೆ. ಅರ್ಧ ವೇಗದಲ್ಲಿ ನಿಮ್ಮ 60,000 ಲೀಟರ್ ಒಮ್ಮೆ ಸುತ್ತಿಬರಲು ಎಂಟು ಗಂಟೆ ಬೇಕಾಗುವುದರಿಂದ, ಮಕ್ಕಳು ಆಡುವ ಸಂಜೆಯ ಹೊತ್ತಿಗಾದರೂ ವೇಗವನ್ನು ಏರಿಸಿಡಿ.

ಈಗ ಮೊದಲ ಪರೀಕ್ಷೆ. ಸ್ಟ್ರೈನರ್ ಮುಚ್ಚಳದ ಮೇಲೆ ನೀರಿನ ಮಟ್ಟ ಇರುವಲ್ಲಿ ಸ್ಕೆಚ್ ಪೆನ್ನಿನಿಂದ ಒಂದು ಗೆರೆ ಎಳೆದು, ಕಡಿಮೆ ವೇಗದಲ್ಲಿ ಪಂಪನ್ನು ಒಂದು ಗಂಟೆ ಓಡಿಸಿ ನೋಡಿ. ಮಟ್ಟ ಗೆರೆಯಲ್ಲೇ ನಿಂತಿದ್ದರೆ, ಅಂದರೆ ಮುಚ್ಚಳದಡಿ ಅಂಗೈಯಗಲದ ಒಂದು ಗಾಳಿಯ ಪದರ ಹಾಗೆಯೇ ಇದ್ದರೆ, ಅದರಿಂದ ಪಂಪಿಗೆ ತೊಂದರೆಯಿಲ್ಲ. ಚಾಲೂ ಮಾಡಿದಾಗ ಉಳಿದ ಗಾಳಿಯನ್ನು ಆ ನಿಧಾನದ ನೀರು ಒಯ್ದಿಲ್ಲ, ಅಷ್ಟೆ. ಮಟ್ಟ ಗೆರೆಯಿಂದ ಕೆಳಗೆ ಜಾರುತ್ತಲೇ ಹೋದರೆ ಹೊಸ ಗಾಳಿ ಒಳಬರುತ್ತಿದೆ ಎಂದರ್ಥ. ನಿಮ್ಮಲ್ಲಿ ಅರ್ಧ ಪಾತ್ರೆ ಖಾಲಿಯಾಗುವುದರಿಂದ ಎರಡನೆಯದೇ ಆಗಿರುವ ಸಂಭವ ಹೆಚ್ಚು. ಪಂಪನ್ನು ನಿಲ್ಲಿಸಿದ ಮೇಲೂ ಮುಚ್ಚಳವನ್ನು ಗಮನಿಸುತ್ತಿರಿ. ಪಂಪು ಎರಡು ಅಡಿ ಎತ್ತರದಲ್ಲಿದ್ದರೂ, ಎಲ್ಲಿಂದಲೂ ಗಾಳಿ ನುಗ್ಗದಿದ್ದರೆ ಪೈಪಿನ ನೀರು ಕೆಳಗಿಳಿಯುವಂತಿಲ್ಲ. ಹತ್ತಿಪ್ಪತ್ತು ನಿಮಿಷದಲ್ಲೇ ಪಾತ್ರೆ ಬರಿದಾದರೆ ರಂಧ್ರ ಸಣ್ಣದಲ್ಲ.

ಪಂಪಿನ ಹಿಂದಿನ ಭಾಗ, ಅಂದರೆ ಕೊಳದಿಂದ ಪಂಪಿನವರೆಗಿನ ಸಕ್ಷನ್ ಕಡೆಯಲ್ಲಷ್ಟೇ ಹುಡುಕಿದರೆ ಸಾಕು. ಪಂಪಿನ ಮುಂದೆ ನೀರು ಒತ್ತಡದಲ್ಲಿರುವುದರಿಂದ ಅಲ್ಲಿ ಬಿರುಕಿದ್ದರೆ ನೀರು ಹೊರಗೆ ಚಿಮ್ಮೀತೇ ಹೊರತು ಗಾಳಿ ಒಳಬಾರದು. ಎಲ್ಲಕ್ಕಿಂತ ಮೊದಲು ಕೊಳದ ನೀರಿನ ಮಟ್ಟ ನೋಡಿ. ಏಪ್ರಿಲ್, ಮೇ ತಿಂಗಳ ಪುಣೆಯ ಒಣ ಬಿಸಿಲಿಗೆ ನೀರು ದಿನವೂ ಆವಿಯಾಗುತ್ತದೆ. ಟ್ಯಾಂಕರ್ ನಾಳೆ ಬರಲಿ ಎಂದು ಮುಂದೂಡುತ್ತ ಹೋದರೆ ಮಟ್ಟ ಸ್ಕಿಮ್ಮರಿನ (ಕೊಳದ ಗೋಡೆಯಲ್ಲಿದ್ದು ಮೇಲ್ಮೈಯ ನೀರನ್ನು ಎಳೆದುಕೊಳ್ಳುವ ಕಿಂಡಿ) ಬಾಯಿಯ ಅರ್ಧಕ್ಕಿಂತ ಕೆಳಗಿಳಿದು, ಸ್ಕಿಮ್ಮರು ನೀರಿನ ಜೊತೆ ಗಾಳಿಯನ್ನೂ ಹೀರತೊಡಗುತ್ತದೆ. ಸ್ಕಿಮ್ಮರಿನ ಬಾಯಲ್ಲಿ ತೂಗಾಡುವ ಪ್ಲಾಸ್ಟಿಕ್ ಬಾಗಿಲು ಮೇಲ್ಗಡೆಗೆ ಸಿಕ್ಕಿಕೊಂಡಿದ್ದರೆ ಮಟ್ಟ ಸರಿಯಿದ್ದರೂ ಒಳಗೆ ನೀರು ಸಾಲದೆ ಇದೇ ಪಾಡಾಗುತ್ತದೆ. ಅದನ್ನು ಬೆರಳಿನಿಂದ ಆಡಿಸಿ ನೋಡುವುದು ಅರೆನಿಮಿಷದ ಕೆಲಸ, ಆದರೂ ಬಹಳ ಜನ ಮರೆಯುತ್ತಾರೆ.

ಮುಂದಿನದು ಮುಚ್ಚಳದ ಓ-ರಿಂಗ್, ಅಂದರೆ ಮುಚ್ಚಳದಡಿ ಗಾಳಿ ತಡೆಯುವ ರಬ್ಬರ್ ಬಳೆ. ಬ್ರೇಕರನ್ನು ಆಫ್ ಮಾಡಿ, ಫಿಲ್ಟರಿನ ಮೇಲಿನ ಗಾಳಿ ಬಿಡುವ ವಾಲ್ವನ್ನು ತೆರೆದು ಪ್ರೆಶರ್ ಗೇಜ್ ಸೊನ್ನೆಗೆ ಬಂದ ಮೇಲೆಯೇ ಮುಚ್ಚಳಕ್ಕೆ ಕೈಹಾಕಬೇಕು. ರಿಂಗನ್ನು ಹೊರತೆಗೆದು ಒರೆಸಿ, ಬೆರಳುಗಳ ನಡುವೆ ಸುತ್ತ ಸರಿಸುತ್ತ ನೋಡಿ. ಚಪ್ಪಟೆಯಾಗಿದೆಯೇ, ಬಾಗಿಸಿದರೆ ಸಣ್ಣ ಬಿರುಕುಗಳು ಬಾಯಿ ಬಿಡುತ್ತವೆಯೇ ಎಂಬುದು ತಿಳಿಯುತ್ತದೆ. ಅದು ಕೂರುವ ತೋಡಿನಲ್ಲಿ ಒಂದು ಕೂದಲು, ಒಂದು ಮರಳಿನ ಕಣ ಸಿಕ್ಕಿದ್ದರೂ ಸಾಕು, ಗಾಳಿಗೆ ದಾರಿಯಾಗುತ್ತದೆ. ಮುಚ್ಚಳದಲ್ಲೇ ಕೂದಲೆಳೆಯ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಪಂಪಿನ ತಳದಲ್ಲಿರುವ ಡ್ರೇನ್ ಪ್ಲಗ್ಗುಗಳಿಗೂ ಪುಟ್ಟ ರಿಂಗುಗಳಿರುತ್ತವೆ. ಹೊಸ ಪಂಪು ಕೂರಿಸುವಾಗ ಅವನ್ನು ಕೈಯಲ್ಲಿ ಅರ್ಧಂಬರ್ಧ ತಿರುಗಿಸಿ ಬಿಡುವುದು ಸಾಮಾನ್ಯ.

ನಿಮ್ಮಲ್ಲಿ ನನಗೆ ಹೆಚ್ಚು ಅನುಮಾನ ಇರುವುದು ಪಂಪಿನ ಬಾಯಿಗೆ ಪಿವಿಸಿ ಪೈಪ್ ಕೂಡುವ ಕೀಲಿನ ಮೇಲೆ. ಪಂಪು ಬದಲಾಯಿಸುವಾಗ ಕೈಯಾಡಿದ ಜಾಗ ಅದು. ಥ್ರೆಡ್ ಇರುವ ಪಿವಿಸಿ ತುಂಡನ್ನು ಟೆಫ್ಲಾನ್ ಟೇಪ್ ಸುತ್ತಿ ತಿರುಪಿರುತ್ತಾರೆ. ಪಂಪು ಯಾವಾಗಲಾದರೂ ನೀರಿಲ್ಲದೆ ಓಡಿ ಬಿಸಿಯಾದರೆ ಆ ತುಂಡು ಕುಗ್ಗಿ ಆಕಾರ ಕೆಡುತ್ತದೆ; ಆಮೇಲೆ ಹೊರಗಿನಿಂದ ಎಷ್ಟು ಸಿಲಿಕೋನ್ ಮೆತ್ತಿದರೂ ನಿಲ್ಲುವುದಿಲ್ಲ, ತುಂಡನ್ನೇ ಬದಲಾಯಿಸಬೇಕು. ಯೂನಿಯನ್ (ಬಿಚ್ಚಿ ಜೋಡಿಸಬಹುದಾದ ಪೈಪ್ ಕೀಲು) ಇದ್ದರೆ ಅದರೊಳಗಿನ ರಿಂಗ್ ತೋಡಿನಿಂದ ಜಾರಿದೆಯೇ ನೋಡಿ. ಸಕ್ಷನ್ ವಾಲ್ವುಗಳ ಹಿಡಿ ಹೊರಬರುವ ಜಾಗದಲ್ಲಿಯೂ ಒಂದು ಸೀಲ್ ಇರುತ್ತದೆ, ವರ್ಷಗಳು ಕಳೆದಂತೆ ಅದು ಸವೆಯುತ್ತದೆ.

ಇವುಗಳಲ್ಲಿ ಯಾವುದು ತಪ್ಪಿತಸ್ಥ ಎಂದು ಹಿಡಿಯಲು ದುಬಾರಿ ಉಪಕರಣ ಬೇಡ. ಪಂಪನ್ನು ಹೆಚ್ಚಿನ ವೇಗದಲ್ಲಿ ಓಡಿಸಿ, ಏಕೆಂದರೆ ಆಗ ಪೈಪಿನೊಳಗಿನ ಘರ್ಷಣೆ ಹೆಚ್ಚಿ ಸೆಳೆತ ಜೋರಾಗುತ್ತದೆ, ಸಣ್ಣ ರಂಧ್ರವೂ ಬಯಲಾಗುತ್ತದೆ. ಪಂಪು ಕೋಣೆಯ ಎಕ್ಸಾಸ್ಟ್ ಫ್ಯಾನ್ ಆರಿಸಿ, ಒಂದು ಊದುಬತ್ತಿ ಹಚ್ಚಿ ಒಂದೊಂದೇ ಕೀಲಿನ ಸುತ್ತ ನಿಧಾನವಾಗಿ ತನ್ನಿ. ಗಾಳಿ ಹೀರುವ ಜಾಗದಲ್ಲಿ ಹೊಗೆಯ ಎಳೆ ನೇರ ಏರುವುದನ್ನು ಬಿಟ್ಟು ಕೀಲಿನತ್ತ ಬಾಗುತ್ತದೆ. ಶೇವಿಂಗ್ ನೊರೆ ಬಳಿದರೆ ಅದು ಒಳಕ್ಕೆ ಎಳೆದುಕೊಂಡು ಕುಳಿ ಬೀಳುತ್ತದೆ. ಎರಡೂ ಸ್ಪಷ್ಟವಾಗದಿದ್ದರೆ ಮೋಟಾರಿಗೆ ನೀರು ಸಿಡಿಯದಂತೆ ನೋಡಿಕೊಂಡು ಚೊಂಬಿನಿಂದ ಕೀಲಿನ ಮೇಲೆ ನೀರು ಸುರಿಯಿರಿ. ಸುರಿಯುವಷ್ಟು ಹೊತ್ತು ಮುಚ್ಚಳದಡಿ ಗುಳ್ಳೆ ಬರುವುದು ನಿಂತರೆ ಜಾಗ ಸಿಕ್ಕಿತೆಂದೇ ತಿಳಿಯಿರಿ.

ಇಷ್ಟಾದರೂ ಸಿಗದಿದ್ದರೆ ಮಾತ್ರ ನೆಲದಡಿಯ ಪೈಪಿನ ಮಾತು. ಅಲ್ಲೂ ಒಮ್ಮೆಲೇ ಅಗೆಯಬಾರದು. ಕೊಳದಲ್ಲಿ ಒಬ್ಬರೂ ಇಲ್ಲದ ಹೊತ್ತಿನಲ್ಲಿ ಸ್ಕಿಮ್ಮರಿನ ವಾಲ್ವ್ ಮುಚ್ಚಿ ಬರಿಯ ಮೇನ್ ಡ್ರೇನಿನಿಂದ (ಕೊಳದ ತಳದಲ್ಲಿರುವ ಹೀರುಬಾಯಿ) ಓಡಿಸಿ ನೋಡಿ, ಬಳಿಕ ಅದಲುಬದಲು ಮಾಡಿ. ಸ್ಕಿಮ್ಮರ್ ಮುಚ್ಚಿದಾಗ ಗಾಳಿ ನಿಂತರೆ ದೋಷ ಆ ಪೈಪ್ ಸಾಲಿನದು. ಯಾರೂ ನೀರಿನಲ್ಲಿರಬಾರದೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ಎಲ್ಲ ಸೆಳೆತ ಒಂದೇ ಡ್ರೇನಿಗೆ ಬಿದ್ದಾಗ ಕೂದಲಾಗಲಿ ಮೈಯಾಗಲಿ ಅದರ ಜಾಲರಿಗೆ ಸಿಕ್ಕರೆ ಬಿಡಿಸಿಕೊಳ್ಳುವುದು ದೊಡ್ಡವರಿಗೂ ಕಷ್ಟ. ದೋಷದ ಸಾಲು ಗೊತ್ತಾದ ಮೇಲೆ ಅದರ ಎರಡೂ ತುದಿಗಳಿಗೆ ಬಿರಡೆ ಹಾಕಿ, ನೀರು ತುಂಬಿಸಿ, ಕಡಿಮೆ ಒತ್ತಡ ಕೊಟ್ಟು ಗೇಜ್ ಇಳಿಯುತ್ತದೆಯೇ ಎಂದು ನೋಡುವಂತೆ ಗುತ್ತಿಗೆದಾರರಿಗೆ ಹೇಳಿ. ಪರೀಕ್ಷೆ ನೀರಿನಿಂದಲೇ ಆಗಬೇಕು. ಕಂಪ್ರೆಸರಿನ ಗಾಳಿ ತುಂಬಿದ ಪಿವಿಸಿ ಪೈಪ್ ಒಡೆದರೆ ಚೂರುಗಳು ಸಿಡಿಯುತ್ತವೆ. ಈ ಪರೀಕ್ಷೆಯ ಫಲಿತಾಂಶವನ್ನು ಬರಹದಲ್ಲಿ ಕೊಡುವವರೆಗೆ ಟೈಲ್ಸ್ ಮುಟ್ಟಲು ಅನುಮತಿ ಕೊಡಬೇಡಿ.

ದುರಸ್ತಿಯಾದ ಮೇಲೆ ಸೆಟ್ಟಿಂಗ್ ಕಡೆ ಗಮನ ಕೊಡಿ. ಪಂಪು ಪ್ರತಿ ಸಲ ಚಾಲೂ ಆಗುವಾಗ ಕೆಲವು ನಿಮಿಷ ಹೆಚ್ಚಿನ ವೇಗದಲ್ಲಿ ಓಡಿ ಪೈಪಿನ ಗಾಳಿಯನ್ನು ಹೊರದೂಡಬೇಕು. ಈ ಪ್ರೈಮಿಂಗ್ ಅವಧಿಯನ್ನು ಉಳಿತಾಯದ ಆಸೆಗೆ ಬಿದ್ದು ತೀರ ಕಡಿಮೆ ಮಾಡಿರುವುದನ್ನು ಹಲವೆಡೆ ನೋಡಿದ್ದೇವೆ. ಅದೇ ಹೊತ್ತಿನಲ್ಲಿ ಫಿಲ್ಟರಿನ ಮೇಲಿನ ಗಾಳಿ ವಾಲ್ವನ್ನು ತೆರೆದು, ಬುಸ್ಸೆನ್ನುವುದು ನಿಂತು ನೀರಿನ ಧಾರೆ ಬರುವವರೆಗೆ ಹಾಗೇ ಬಿಡಬೇಕು. ಫಿಲ್ಟರಿನೊಳಗೆ ಒತ್ತಿಟ್ಟ ಗಾಳಿ ಕೊಳದ ಸಾಮಗ್ರಿಗಳಲ್ಲೆಲ್ಲ ಅತ್ಯಂತ ಅಪಾಯದ ವಸ್ತು. ಅದನ್ನು ಬಿಡದೆ ಕ್ಲ್ಯಾಂಪ್ ಸಡಿಲಿಸಿದರೆ ಮೇಲ್ಭಾಗ ಹಾರಿಹೋಗಬಹುದು. ಇದನ್ನು ನಿಮ್ಮ ಪೂಲ್ ಆಪರೇಟರಿಗೆ ಮರಾಠಿಯಲ್ಲಿ ಬರೆದು ಪಂಪು ಕೋಣೆಯ ಗೋಡೆಗೆ ಅಂಟಿಸಿ.

ಪ್ರಶ್ನೆ: ಮೂಲತಃ ಅಂಕೋಲೆಯವರಾದ ನಾವು ಗೋವಾದ ಶಿವೋಲಿಯಲ್ಲಿ ಹೋಂಸ್ಟೇ ನಡೆಸುತ್ತಿದ್ದೇವೆ. ನಮ್ಮದು ಅಂಚಿನ ಮೇಲಿಂದ ನೀರು ಹರಿದು ಕಾಲುವೆಗೆ ಬೀಳುವ ಮಾದರಿಯ ಕೊಳ, ಕೆಳಗೆ ಆ ನೀರು ಸೇರುವ ಬ್ಯಾಲೆನ್ಸಿಂಗ್ ಟ್ಯಾಂಕ್ ಇದೆ. ನಮ್ಮ ತೊಂದರೆ ತಿರುವುಮುರುವು: ಕಡಿಮೆ ವೇಗದಲ್ಲಿ ಎಲ್ಲ ಸರಿ, ವೇಗ ಹೆಚ್ಚಿಸಿದ ಸ್ವಲ್ಪ ಹೊತ್ತಿಗೆ ಪಂಪು ಗಾಳಿ ಎಳೆಯತೊಡಗುತ್ತದೆ. ಕೀಲುಗಳನ್ನೆಲ್ಲ ಬಿಗಿ ಮಾಡಿಸಿದ್ದಾಯಿತು.

ಉತ್ತರ: ನಿಮ್ಮ ಕೀಲುಗಳ ತಪ್ಪಿಲ್ಲ ಅನ್ನಿಸುತ್ತದೆ. ವೇಗ ಹೆಚ್ಚಿಸಿ, ಬ್ಯಾಲೆನ್ಸಿಂಗ್ ಟ್ಯಾಂಕಿನ ಮುಚ್ಚಳ ಸರಿಸಿ, ಟಾರ್ಚ್ ಹಿಡಿದು ಒಳಗೆ ನೋಡಿ. ಪಂಪು ನೀರನ್ನು ಹೆಚ್ಚು ತಳ್ಳಿದಷ್ಟೂ ಕೊಳದ ಅಂಚಿನ ಮೇಲೆ ಹರಿಯುವ ನೀರಿನ ಪದರ ದಪ್ಪವಾಗುತ್ತದೆ, ಕಾಲುವೆಯಲ್ಲೂ ನೀರು ಹೆಚ್ಚು ನಿಲ್ಲುತ್ತದೆ. ಆ ಹೆಚ್ಚುವರಿ ನೀರೆಲ್ಲ ಬರುವುದು ಟ್ಯಾಂಕಿನಿಂದಲೇ. ಕೊಳದ ಮೇಲ್ಮೈ 50 ಚದರ ಮೀಟರ್ ಇದ್ದು ನೀರು ಒಂದೇ ಒಂದು ಸೆಂಟಿಮೀಟರ್ ಏರಿದರೂ ಟ್ಯಾಂಕಿನಿಂದ 500 ಲೀಟರ್ ಹೋಯಿತೆಂದೇ ಲೆಕ್ಕ. ಟ್ಯಾಂಕಿನ ಮಟ್ಟ ಸಕ್ಷನ್ ಪೈಪಿನ ಬಾಯಿಯ ಹತ್ತಿರಕ್ಕೆ ಇಳಿದಾಗ ಅಲ್ಲಿ ಸುಳಿ ಹುಟ್ಟಿ, ಸುಳಿಯ ನಡುವಿನಿಂದ ಗಾಳಿ ನೇರವಾಗಿ ಪೈಪಿಗೆ ಇಳಿಯುತ್ತದೆ.

ಇನ್ನೊಂದು ಸಾಧ್ಯತೆಯೂ ಉಂಟು. ಕಾಲುವೆಯ ನೀರು ಟ್ಯಾಂಕಿಗೆ ಎತ್ತರದಿಂದ ಧುಮುಕಿದರೆ ಗಾಳಿಯನ್ನು ತನ್ನೊಡನೆ ಆಳಕ್ಕೆ ಒಯ್ಯುತ್ತದೆ. ಸಕ್ಷನ್ ಬಾಯಿ ಅದರ ಪಕ್ಕದಲ್ಲೇ ಇದ್ದರೆ ಆ ಗುಳ್ಳೆಗಳಿಗೆ ಮೇಲೇರಲು ಪುರುಸೊತ್ತೇ ಸಿಗುವುದಿಲ್ಲ. ಆಗ ಕಾಲುವೆಯ ಪೈಪನ್ನು ನೀರಿನ ಮಟ್ಟಕ್ಕಿಂತ ಕೆಳಗಿನವರೆಗೆ ಇಳಿಸಿ, ಎರಡು ಬಾಯಿಗಳ ನಡುವೆ ಒಂದು ಅಡ್ಡಗೋಡೆ ಕಟ್ಟಿಸಿ. ಸುಳಿಗೆ ಪರಿಹಾರವೆಂದರೆ ಸಕ್ಷನ್ ಬಾಯಿಗೆ ಕೆಳಮುಖದ ಎಲ್ಬೋ ಕೂರಿಸುವುದು, ಅಥವಾ ಅದರ ಮೇಲೆ ಚಪ್ಪಟೆಯ ತಟ್ಟೆಯೊಂದನ್ನು ಅಳವಡಿಸುವುದು.

ನೀರಿನ ಮಟ್ಟವನ್ನೂ ಹೊಂದಿಸಬೇಕು, ಆದರೆ ಇಲ್ಲಿ ಎಡವುವವರು ಬಹಳ. ಪಂಪು ಜೋರಾಗಿ ಓಡುವಾಗ ಟ್ಯಾಂಕ್ ತುಂಬಿರಲಿ ಎಂದು ಫ್ಲೋಟ್ ವಾಲ್ವನ್ನು ಮೇಲಕ್ಕೆತ್ತಿಬಿಟ್ಟರೆ, ರಾತ್ರಿ ಪಂಪು ನಿಂತಾಗ ಅಂಚಿನ ನೀರು, ಕಾಲುವೆಯ ನೀರು ಎರಡೂ ಹಿಂದಿರುಗಿ ಬಂದು, ಟ್ಯಾಂಕ್ ಉಕ್ಕಿ ಚರಂಡಿ ಸೇರುತ್ತದೆ. ಬೆಳಗ್ಗೆ ಫ್ಲೋಟ್ ಮತ್ತೆ ಹೊಸ ನೀರು ತುಂಬಿಸುತ್ತದೆ. ಹೀಗೆ ದಿನವೂ ಕ್ಲೋರಿನ್ ಹಾಕಿದ ನೀರನ್ನು ಚೆಲ್ಲುತ್ತಿರುವುದು ಬಿಲ್ ಬರುವವರೆಗೆ ಗೊತ್ತೂ ಆಗುವುದಿಲ್ಲ. ನೀವು ಬಳಸುವ ಗರಿಷ್ಠ ವೇಗದಲ್ಲಿ ಓಡುವಾಗ ಸಕ್ಷನ್ ಬಾಯಿ ಮುಳುಗಿರುವಷ್ಟಕ್ಕೆ ಮಾತ್ರ ಫ್ಲೋಟನ್ನು ಇಟ್ಟು, ಉಳಿದ ಜಾಗವನ್ನು ವಾಪಸ್ ಬರುವ ನೀರಿಗೂ, ಒಮ್ಮೆಲೇ ಅತಿಥಿಗಳು ಇಳಿದಾಗ ಉಕ್ಕುವ ನೀರಿಗೂ ಬಿಡಿ. ಎರಡಕ್ಕೂ ಸಾಲದಷ್ಟು ಟ್ಯಾಂಕ್ ಚಿಕ್ಕದಾಗಿದ್ದರೆ ಪಂಪಿನ ಗರಿಷ್ಠ ವೇಗವನ್ನೇ ಇಳಿಸಿ. ಆ ಸೌಲಭ್ಯವಿರುವ ಪಂಪನ್ನು ನೀವು ಈಗಾಗಲೇ ಕೊಂಡಿದ್ದೀರಿ. ಮಳೆಗಾಲದಲ್ಲಿ ಕಾಲುವೆಯ ಜಾಲರಿಗೆ ಎಲೆ ಕಟ್ಟಿಕೊಂಡು ನೀರು ಟ್ಯಾಂಕಿಗೆ ಬರುವುದು ತಡವಾದರೂ ಇದೇ ಲಕ್ಷಣ ಕಾಣುತ್ತದೆ. ಜೂನ್ ಬಂದ ಮೇಲೆ ಜಾಲರಿಯನ್ನು ದಿನವೂ ನೋಡಿ.

ಪ್ರಶ್ನೆ: ಮುಂಬಯಿಯ ಮುಲುಂಡ್‌ನಲ್ಲಿರುವ ನಮ್ಮ ಕಟ್ಟಡದ ಕೊಳಕ್ಕೆ ಉಪ್ಪಿನ ಕ್ಲೋರಿನೇಟರ್ ಹಾಕಿಸಿದ್ದೇವೆ. ಸ್ಟ್ರೈನರಿನಲ್ಲಿ ಗಾಳಿಯೇ ಇಲ್ಲ, ಆದರೂ ನೀರು ಬರುವ ಬಾಯಿಗಳಲ್ಲಿ ಅತಿ ಸಣ್ಣ ಗುಳ್ಳೆಗಳು ಮಸುಕಾಗಿ ಹೊರಬರುತ್ತವೆ. ಇದೂ ಪಂಪಿನ ದೋಷವೇ?

ಉತ್ತರ: ಅಲ್ಲ. ಉಪ್ಪುನೀರಿನಲ್ಲಿ ವಿದ್ಯುತ್ ಹಾಯಿಸಿ ಕ್ಲೋರಿನ್ ಮಾಡುವಾಗ ಕ್ಲೋರಿನೇಟರಿನ ಸೆಲ್ಲಿನಲ್ಲಿ ಹೈಡ್ರೋಜನ್ ಕೂಡ ಹುಟ್ಟುತ್ತದೆ, ನೀವು ನೋಡುತ್ತಿರುವುದು ಅದನ್ನೇ. ಪಂಪು ಓಡುತ್ತಿರುವಾಗಲೇ ಕ್ಲೋರಿನೇಟರನ್ನು ಮಾತ್ರ ಆಫ್ ಮಾಡಿ. ಸ್ವಲ್ಪ ಹೊತ್ತಿನಲ್ಲಿ ಗುಳ್ಳೆಗಳು ನಿಂತರೆ ಅನುಮಾನ ಮುಗಿಯಿತು. ಹರಿಯುವ ನೀರಿನಲ್ಲಿ ಇದು ನಿರುಪದ್ರವಿ. ಪಂಪಿನ ವೇಗ ತೀರ ಇಳಿದಾಗ ಅಥವಾ ಪಂಪು ನಿಂತಾಗ ಸೆಲ್ ತಾನಾಗಿ ನಿಲ್ಲಬೇಕು, ಇಲ್ಲದಿದ್ದರೆ ಹೊತ್ತಿಕೊಳ್ಳುವ ಅನಿಲ ಪೈಪಿನಲ್ಲೇ ಸೇರಿಕೊಳ್ಳುತ್ತದೆ. ಹರಿವು ನಿಂತಾಗ ಸೆಲ್ಲನ್ನು ನಿಲ್ಲಿಸುವ ಫ್ಲೋ ಸ್ವಿಚ್ ಕೆಲಸ ಮಾಡುತ್ತಿದೆಯೇ ಎಂದು ಪಂಪನ್ನು ನಿಲ್ಲಿಸಿ ಒಮ್ಮೆ ಪರೀಕ್ಷಿಸಿಕೊಳ್ಳಿ. ಕಿರಿಕಿರಿಯೆಂದು ಯಾರಾದರೂ ಅದರ ತಂತಿಗಳನ್ನು ನೇರವಾಗಿ ಜೋಡಿಸಿಬಿಟ್ಟಿದ್ದರೆ ಅಂದೇ ಸರಿಪಡಿಸಿ.

ಪ್ರಶ್ನೆ: ಮುಚ್ಚಳದ ಓ-ರಿಂಗಿಗೆ ಮನೆಯಲ್ಲಿರುವ ವ್ಯಾಸಲೀನ್ ಹಚ್ಚಬಹುದೇ? ನಮ್ಮ ಪ್ಲಂಬರ್ ಅದನ್ನೇ ಹಚ್ಚುತ್ತಾರೆ. (ಕೋಥರೂಡ್, ಪುಣೆ)

ಉತ್ತರ: ಹಚ್ಚಬೇಡಿ. ಅನೇಕ ಪಂಪುಗಳ ರಿಂಗುಗಳು ಇಪಿಡಿಎಂ ರಬ್ಬರಿನವು. ಪೆಟ್ರೋಲಿಯಂ ಜೆಲ್ಲಿ ತಗುಲಿದರೆ ಅವು ಉಬ್ಬಿ, ಮೆತ್ತಗಾಗಿ, ತೋಡಿನಲ್ಲಿ ಕೂರದಂತಾಗುತ್ತವೆ. ಸಿಲಿಕೋನ್ ಗ್ರೀಸ್ ಕೊಂಡು, ರಿಂಗ್ ಹೊಳೆಯುವಷ್ಟು ಮಾತ್ರ ಬೆರಳಿನಿಂದ ತೆಳ್ಳಗೆ ಸವರಿ. ಈಗಾಗಲೇ ಉಬ್ಬಿದ ರಿಂಗ್ ಒರೆಸಿದರೂ ಮೊದಲಿನಂತಾಗದು. ಪಂಪಿನ ಮಾಡೆಲ್ ನಂಬರ್ ಬರೆದುಕೊಂಡು ಹೋಗಿ ಅದಕ್ಕೇ ಹೊಂದುವ ಹೊಸದನ್ನು ತನ್ನಿ.